ಕತ್ತಲ ರಾತ್ರಿಯ ದಾರಿ: ಟೊಲೆಡೊದಿಂದ ಮಂಗಳೂರಿನವರೆಗೆ

ಕ್ರೈಸ್ತ ಧರ್ಮದಲ್ಲಿ ಕಷ್ಟಕ್ಕೂ ಆಧ್ಯಾತ್ಮಿಕ ಬೆಳವಣಿಗೆಗೂ ಇರುವ ನಂಟು ಬೈಬಲಿನ ಮೊದಲ ಪುಸ್ತಕದಿಂದಲೇ ಶುರುವಾಗುತ್ತದೆ. ಅಬ್ರಹಾಮನಿಗೆ ಬಂದ ಮೊದಲ ಕರೆಯೇ ಹುಟ್ಟಿದ ನಾಡನ್ನೂ ಬಂಧುಬಳಗವನ್ನೂ ಬಿಟ್ಟು ಹೊರಡಬೇಕೆಂಬುದು. ಹೋಗಬೇಕಾದ ಊರಿನ ಹೆಸರನ್ನು ಆಗ ಅವನಿಗೆ ತಿಳಿಸಿರಲಿಲ್ಲ. ಈಜಿಪ್ಟಿನ ದಾಸ್ಯ ಕಳಚಿಕೊಂಡ ಇಸ್ರಯೇಲರು ವಾಗ್ದಾನದ ನಾಡನ್ನು ಒಂದೇ ಬೀಸಿಗೆ ಮುಟ್ಟಲಿಲ್ಲ, 40 ವರ್ಷ ಮರುಭೂಮಿಯಲ್ಲಿ ಅಲೆದರು. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ಅವನ ಗೆಳೆಯರು, ನೀನು ಏನೋ ಪಾಪ ಮಾಡಿರಬೇಕು, ಅದಕ್ಕೇ ಈ ಗತಿ ಎಂದು ಬುದ್ಧಿ ಹೇಳಿದರು. ಗ್ರಂಥದ ಕೊನೆಯಲ್ಲಿ ದೇವರು ಕೋಪಗೊಳ್ಳುವುದು ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ಉತ್ತರ ಗೊತ್ತಿದೆ ಎಂದುಕೊಂಡ ಆ ಗೆಳೆಯರ ಮೇಲೆ. ಹೊಸ ಒಡಂಬಡಿಕೆಗೆ ಬಂದರೆ, ತನ್ನ ದೇಹಕ್ಕೆ ನಾಟಿದ ಮುಳ್ಳೊಂದನ್ನು ತೆಗೆದುಬಿಡು ಎಂದು ಪೌಲ ಮೂರು ಸಲ ಬೇಡುತ್ತಾನೆ. ಮುಳ್ಳು ಹೋಗುವುದಿಲ್ಲ, ಅದರೊಡನೆ ಬಾಳುವ ಬಲ ಸಿಗುತ್ತದೆ. ಸಂಕಟದಿಂದ ತಾಳ್ಮೆ ಹುಟ್ಟುತ್ತದೆ, ತಾಳ್ಮೆಯಿಂದ ಮನುಷ್ಯ ಪಳಗುತ್ತಾನೆ, ಪಳಗಿದವನಲ್ಲಿ ನಿರೀಕ್ಷೆ ಬೇರೂರುತ್ತದೆ ಎಂಬುದು ಅವನು ರೋಮಿನ ಕ್ರೈಸ್ತರಿಗೆ ಬರೆದ ಪತ್ರದ ವಾದ.

ಇದನ್ನೆಲ್ಲ ಓದಿ, ಕಷ್ಟಪಡುವುದೇ ಪುಣ್ಯ ಎಂದು ತೀರ್ಮಾನಿಸಿದರೆ ಅದು ತಪ್ಪು ಓದು. ಶುಭಸಂದೇಶಗಳಲ್ಲಿ ಯೇಸು ಎದುರಿಗೆ ಬಂದ ರೋಗಿಗೆ ಕಾಯಿಲೆಯನ್ನು ಸಹಿಸಿಕೊಂಡಿರು ಎಂದು ಹೇಳಿ ಕಳಿಸಿದ್ದಿಲ್ಲ. ಮುಟ್ಟಿ ವಾಸಿ ಮಾಡಿದ್ದಾರೆ. ಸಾಯುವ ಹಿಂದಿನ ರಾತ್ರಿ ಗೆತ್ಸೆಮನೆ ತೋಪಿನಲ್ಲಿ, ಸಾಧ್ಯವಾದರೆ ಈ ಸಂಕಟ ತಪ್ಪಲಿ ಎಂದೇ ಅವರೂ ಪ್ರಾರ್ಥಿಸಿದ್ದು. ಕಷ್ಟವೆಂಬುದು ತಾನಾಗಿಯೇ ಯಾರನ್ನೂ ಬೆಳೆಸುವುದಿಲ್ಲ. ಒಂದೇ ಬಗೆಯ ನಷ್ಟ ಒಬ್ಬರನ್ನು ಮೃದುವಾಗಿಸಿ ಇನ್ನೊಬ್ಬರನ್ನು ಕಲ್ಲಾಗಿಸುವುದನ್ನು ಎಲ್ಲ ಊರುಗಳೂ ಕಂಡಿವೆ. ಹಾಗಾದರೆ ಬೆಳೆಯುವವರ ಒಳಗೆ ನಡೆಯುವುದು ಏನು? ಈ ಪ್ರಶ್ನೆಗೆ ಕ್ರೈಸ್ತ ಪರಂಪರೆಯಲ್ಲಿ ಬಹಳ ಸೂಕ್ಷ್ಮವಾದ ಉತ್ತರ ಕೊಟ್ಟವರು 16ನೇ ಶತಮಾನದ ಸ್ಪೇನಿನ ಕಾರ್ಮೆಲ್ ಸಭೆಯ ಸನ್ಯಾಸಿ ಹುವಾನ್ ದೆ ಲಾ ಕ್ರೂಸ್. ಕನ್ನಡ ಕಥೋಲಿಕರಿಗೆ ಅವರು ಶಿಲುಬೆಯ ಸಂತ ಯೊವಾನ್ನರು.

ಹುವಾನ್ ಹುಟ್ಟಿದ್ದು 1542ರಲ್ಲಿ, ಆವಿಲಾ ಪಟ್ಟಣದ ಸಮೀಪದ ಫೊಂತಿವೆರೋಸ್ ಎಂಬ ಊರಿನಲ್ಲಿ. ತಂದೆ ಗೊನ್ಸಾಲೊ ಅನುಕೂಲಸ್ಥ ರೇಷ್ಮೆ ವ್ಯಾಪಾರಿಗಳ ಮನೆತನದವರು. ಕತಲೀನಾ ಎಂಬ ಬಡ ನೇಕಾರ ಹೆಣ್ಣನ್ನು ಮದುವೆಯಾದರೆಂದು ಮನೆಯವರು ಅವರನ್ನು ಕೈಬಿಟ್ಟರು. ಅವರೂ ಹೆಂಡತಿಯ ಜೊತೆ ಮಗ್ಗಕ್ಕೆ ಕೂತರು. ಹುವಾನ್ ಇನ್ನೂ ಎಳೆಯ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ಮೂವರು ಗಂಡುಮಕ್ಕಳಲ್ಲಿ ಒಬ್ಬ ಚಿಕ್ಕಂದಿನಲ್ಲೇ ಸತ್ತ. ಹೊಟ್ಟೆಪಾಡಿಗಾಗಿ ಊರಿಂದೂರಿಗೆ ಅಲೆದ ತಾಯಿ ಕೊನೆಗೆ ಮೆದೀನಾ ದೆಲ್ ಕಾಂಪೊ ಎಂಬ ಸಂತೆಪಟ್ಟಣದಲ್ಲಿ ನೆಲೆ ನಿಂತರು. ಅಲ್ಲಿ ಹುವಾನ್, ಮೈತುಂಬ ಹುಣ್ಣಾದ ಬಡ ರೋಗಿಗಳ ಆಸ್ಪತ್ರೆಯೊಂದರಲ್ಲಿ ಶುಶ್ರೂಷೆ ಮಾಡುತ್ತ, ಬಿಡುವಿನಲ್ಲಿ ಯೇಸುಸಭೆಯವರ ಶಾಲೆಯಲ್ಲಿ ಕಲಿತರು. 1563ರಲ್ಲಿ ಕಾರ್ಮೆಲ್ ಸಭೆ ಸೇರಿ, ಸಾಲಮಾಂಕಾ ವಿಶ್ವವಿದ್ಯಾಲಯದಲ್ಲಿ ಓದಿ, 1567ರಲ್ಲಿ ಗುರುದೀಕ್ಷೆ ಪಡೆದರು. ಅದೇ ವರ್ಷ ಆವಿಲಾದ ತೆರೇಸಾ ಅವರ ಭೇಟಿಯಾಯಿತು. ತೆರೇಸಾ ಅವರಿಗೆ ಆಗ 52 ವರ್ಷ, ಹುವಾನ್‌ಗೆ 25.

ತೆರೇಸಾ ಆ ಹೊತ್ತಿಗಾಗಲೇ ಕಾರ್ಮೆಲ್ ಸಭೆಯ ಸಡಿಲಾದ ಜೀವನಕ್ರಮವನ್ನು ಮತ್ತೆ ಬಿಗಿಗೊಳಿಸುವ ಕೆಲಸಕ್ಕೆ ಕೈಹಾಕಿದ್ದರು. ಸಣ್ಣ ಮಠಗಳು, ಬಡತನ, ಮೌನ, ದೀರ್ಘ ಪ್ರಾರ್ಥನೆ ಇವು ಅವರ ಸುಧಾರಣೆಯ ತಿರುಳು. ಈ ದಾರಿ ಹಿಡಿದವರನ್ನು ಬರಿಗಾಲಿನ ಕಾರ್ಮೆಲಿತರೆಂದು ಕರೆಯುವುದು ರೂಢಿಯಾಯಿತು. ಗಂಡಸರಿಗಾಗಿ ಇಂಥ ಮೊದಲ ಮನೆ 1568ರ ನವೆಂಬರಿನಲ್ಲಿ ದುರುಯೆಲೊ ಎಂಬ ಕುಗ್ರಾಮದಲ್ಲಿ ತೆರೆಯಿತು. ಹುವಾನ್ ಅದರ ಮೊದಲಿಗರಲ್ಲೊಬ್ಬರು. ಹಳೆಯ ಶಾಖೆಯ ಹಲವರಿಗೆ ಇದು ಸುಧಾರಣೆಯಾಗಿ ಕಾಣಲಿಲ್ಲ, ಬಂಡಾಯವಾಗಿ ಕಂಡಿತು. ಸಭೆಯ ಹಿರಿಯರು ಒಂದು ಆಜ್ಞೆ ಕೊಟ್ಟರೆ ಪೋಪರ ಪ್ರತಿನಿಧಿ ಇನ್ನೊಂದು ಕೊಡುತ್ತಿದ್ದ ಗೋಜಲಿನಲ್ಲಿ, ಯಾರ ಮಾತು ಪಾಲಿಸಿದರೂ ಇನ್ನೊಬ್ಬರಿಗೆ ಅವಿಧೇಯರಾಗುವ ಸ್ಥಿತಿ ಇತ್ತು. 1577ರ ಡಿಸೆಂಬರ್ 2ರ ರಾತ್ರಿ ಆವಿಲಾದಲ್ಲಿ ಹುವಾನ್ ಅವರನ್ನು ಅವರದೇ ಸಭೆಯ ಸನ್ಯಾಸಿಗಳು ಹಿಡಿದುಕೊಂಡು ಹೋದರು. ತೆರೇಸಾ ಎರಡೇ ದಿನದಲ್ಲಿ ದೊರೆ ಎರಡನೇ ಫಿಲಿಪನಿಗೆ ಪತ್ರ ಬರೆದರು. ಆದರೆ ಹುವಾನ್ ಎಲ್ಲಿದ್ದಾರೆಂಬುದು ತಿಂಗಳುಗಟ್ಟಲೆ ಹೊರಗಿನವರಿಗೆ ಗೊತ್ತಾಗಲಿಲ್ಲ.

ಅವರು ಟೊಲೆಡೊದ ಕಾರ್ಮೆಲ್ ಮಠದೊಳಗೆ ಸೆರೆಯಲ್ಲಿದ್ದರು. ಆರಡಿ ಅಗಲ, ಹತ್ತಡಿ ಉದ್ದದ ಕೋಣೆ. ಮೊದಲು ಶೌಚಕ್ಕೆ ಬಳಕೆಯಾಗುತ್ತಿದ್ದ ಜಾಗ. ಕಿಟಕಿಯಿಲ್ಲ, ಗೋಡೆಯ ಮೇಲ್ಭಾಗದಲ್ಲಿ ಒಂದು ಸೀಳು ಮಾತ್ರ. ಆ ಸೀಳಿನಿಂದ ಬರುವ ಬೆಳಕಿನಲ್ಲಿ ಪ್ರಾರ್ಥನಾ ಪುಸ್ತಕ ಓದಬೇಕಾದರೆ ಮಣೆಯ ಮೇಲೆ ಹತ್ತಿ ನಿಂತು, ಪುಸ್ತಕವನ್ನು ಎತ್ತಿ ಹಿಡಿಯಬೇಕಿತ್ತು. ಊಟಕ್ಕೆ ರೊಟ್ಟಿಯ ಚೂರು, ನೀರು, ಕೆಲವೊಮ್ಮೆ ಒಂದೆರಡು ಒಣಮೀನು. ಊಟದ ಸಾಲೆಯಲ್ಲಿ ಮಂಡಿಯೂರಿಸಿ, ಸನ್ಯಾಸಿಗಳು ಒಬ್ಬರಾದ ಮೇಲೊಬ್ಬರು ಸುತ್ತ ನಡೆಯುತ್ತ ಬೆನ್ನಿಗೆ ಚಾಟಿಯಿಂದ ಹೊಡೆಯುತ್ತಿದ್ದರು. ಆ ಗಾಯಗಳು ಅವರು ಸಾಯುವವರೆಗೂ ಪೂರ್ತಿ ಮಾಯಲಿಲ್ಲ ಎನ್ನುತ್ತಾರೆ ಜೀವನಚರಿತ್ರೆಕಾರರು. ಉಟ್ಟ ಬಟ್ಟೆ ಮೈಮೇಲೆಯೇ ಕೊಳೆಯಿತು. ಇವೆಲ್ಲಕ್ಕಿಂತ ಕಠಿಣವಾಗಿದ್ದದ್ದು ಒಳಗಿನ ಅನುಮಾನ: ತಾನು ಹಿಡಿದ ದಾರಿಯೇ ತಪ್ಪೇನೋ, ದೇವರು ತನ್ನನ್ನು ಬಿಟ್ಟುಬಿಟ್ಟನೇನೋ ಎಂಬುದು.

ಅದೇ ಕೋಣೆಯಲ್ಲಿ ಸ್ಪ್ಯಾನಿಷ್ ಸಾಹಿತ್ಯದ ಅತ್ಯುತ್ತಮ ಕವಿತೆಗಳು ಹುಟ್ಟಿದವು. ಮೊದಲಿಗೆ ಕಾಗದವಿರಲಿಲ್ಲ, ಮನಸ್ಸಿನಲ್ಲೇ ಕಟ್ಟಿ ಬಾಯಿಪಾಠ ಮಾಡಿಕೊಂಡರು. ಮುಂದೆ ಬಂದ ಎರಡನೆಯ ಕಾವಲುಗಾರ ಕರುಣೆಯುಳ್ಳವನು. ಕಾಗದ, ಶಾಯಿ ತಂದುಕೊಟ್ಟ. ಪ್ರೇಯಸಿ ತನ್ನ ಕಾಣೆಯಾದ ನಲ್ಲನನ್ನು ಬೆಟ್ಟಗುಡ್ಡಗಳಲ್ಲಿ ಹುಡುಕುವ ದೀರ್ಘ ಗೀತೆಯ ಬಹುಭಾಗ ಹೀಗೆ ರಚನೆಯಾಯಿತು. ಬೆಳಕು ಅಷ್ಟಾಗಿ ಬಾರದ ಕೋಣೆಯಲ್ಲಿ ಕೂತವರು ಬರೆದ ಆ ಕವಿತೆಯ ತುಂಬ ಕಾಡು, ಹೊಳೆ, ಹೂವು, ಜಿಂಕೆ, ಗಾಳಿ. ಕಾರಾಗೃಹದ ಬಗ್ಗೆ, ಹೊಡೆದವರ ಬಗ್ಗೆ ಒಂದು ಸೊಲ್ಲೂ ಇಲ್ಲ.

ಒಂಬತ್ತು ತಿಂಗಳ ಹತ್ತಿರ ಹತ್ತಿರ, 1578ರ ಆಗಸ್ಟ್‌ವರೆಗೆ ಈ ಸೆರೆವಾಸ ನಡೆಯಿತು. ಅದು ಮುಗಿದದ್ದು ಬಿಡುಗಡೆಯಿಂದಲ್ಲ. ದಿನವೂ ಸ್ವಲ್ಪ ಹೊತ್ತು ಹೊರಗೆ ಬಿಡುತ್ತಿದ್ದಾಗ ಹುವಾನ್ ಬಾಗಿಲಿನ ಬೀಗದ ತಿರುಪುಗಳನ್ನು ಸಡಿಲ ಮಾಡಿಟ್ಟರು. ಹೊದಿಕೆಯನ್ನು ಸೀಳಿ ಹಗ್ಗದಂತೆ ಗಂಟು ಹಾಕಿ, ಒಂದು ರಾತ್ರಿ ತಾಹೋ ನದಿಯ ಕಡೆಗಿದ್ದ ಮಠದ ಕಿಟಕಿಯಿಂದ ಕೆಳಗಿಳಿದು ಪರಾರಿಯಾದರು. ಬೆಳಗಾದ ಮೇಲೆ ಅದೇ ಊರಿನ ಬರಿಗಾಲಿನ ಕಾರ್ಮೆಲ್ ಸನ್ಯಾಸಿನಿಯರ ಮಠದ ಬಾಗಿಲು ತಟ್ಟಿದರು. ನಿಲ್ಲಲೂ ತ್ರಾಣವಿರದ ಅವರಿಗೆ ಸನ್ಯಾಸಿನಿಯರು ದಾಲ್ಚಿನ್ನಿ ಹಾಕಿ ಬೇಯಿಸಿದ ಪೇರು ಹಣ್ಣು ತಿನ್ನಿಸಿದರು. ಸೆರೆಯಲ್ಲಿ ಕಟ್ಟಿದ ಕವಿತೆಗಳನ್ನು ಅವರು ಆ ಸನ್ಯಾಸಿನಿಯರಿಗೆ ಹೇಳಿ ಕೇಳಿಸಿದರು. ಈ ಪರಾರಿಯನ್ನು ಹುವಾನ್‌ರ ಬೋಧನೆಯ ಒಂದು ಭಾಗವೆಂದೇ ಗಮನದಲ್ಲಿಟ್ಟುಕೊಳ್ಳಬೇಕು. ಬಂದ ಕಷ್ಟದೊಳಗೆ ಬೆಳೆಯಲು ಒಪ್ಪಿದ ಆ ಮನುಷ್ಯ, ತಪ್ಪಿಸಿಕೊಳ್ಳುವ ದಾರಿ ಕಂಡಾಗ ತಪ್ಪಿಸಿಕೊಂಡರು.

ಹೊರಬಂದ ಮೇಲೆ ಬರೆದ ಎಂಟು ಪದ್ಯಗಳ ಕಿರುಗವಿತೆಯೇ ‘ಕತ್ತಲ ರಾತ್ರಿ’. ಮನೆಯವರೆಲ್ಲ ನಿದ್ದೆ ಹೋದ ಹೊತ್ತಿನಲ್ಲಿ ಪ್ರೇಯಸಿಯೊಬ್ಬಳು ಗುಟ್ಟಾಗಿ ಹೊರಟು ನಲ್ಲನನ್ನು ಸೇರುವುದು ಅದರ ವಸ್ತು. ಓದಿದವರು ಅರ್ಥ ಕೇಳಿದಾಗ ಅದಕ್ಕೆ ವಿವರಣೆ ಬರೆಯಲು ಕೂತರು. ಅದೇ ಹೆಸರಿನ ಗದ್ಯಗ್ರಂಥ ಎರಡು ಪದ್ಯಗಳ ವಿವರಣೆ ಮುಗಿಸಿ, ಮೂರನೆಯದರ ಹೊಸ್ತಿಲಲ್ಲಿ ನಿಂತುಹೋಗಿದೆ. ನಿಂತಷ್ಟೇ ಭಾಗವು ಕ್ರೈಸ್ತ ಅಧ್ಯಾತ್ಮದ ಮೂಲಗ್ರಂಥಗಳಲ್ಲಿ ಒಂದಾಯಿತು.

ಆ ಗ್ರಂಥ ಶುರುವಾಗುವುದು ಸುಖದಿಂದ. ದೇವರ ಕಡೆಗೆ ಹೊಸದಾಗಿ ತಿರುಗಿದವರಿಗೆ ಪ್ರಾರ್ಥನೆಯೆಂದರೆ ಹಬ್ಬ. ಗಂಟೆಗಟ್ಟಲೆ ಕೂತರೂ ಬೇಸರವಿಲ್ಲ, ಕಣ್ಣಲ್ಲಿ ನೀರು, ಎದೆಯಲ್ಲಿ ಹಿಗ್ಗು. ಹುವಾನ್ ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ಹಿಗ್ಗಿನ ಅಡಿಯಲ್ಲಿ ಅಡಗಿರುವ ದೋಷಗಳನ್ನು ಒಂದೊಂದಾಗಿ ಹೊರಗೆಳೆಯುತ್ತಾರೆ. ತಮ್ಮ ಭಕ್ತಿಯನ್ನು ನಾಲ್ಕು ಜನ ಮೆಚ್ಚಬೇಕೆಂಬ ಆಸೆ. ಬೇರೆಯವರ ಭಕ್ತಿಯನ್ನು ಹೊಗಳಿದರೆ ಒಳಗೊಳಗೇ ಕುದಿ. ಪ್ರಾರ್ಥನೆಯ ಸವಿ ಕೈಕೊಟ್ಟ ದಿನ ಮನೆಮಂದಿಯ ಮೇಲೆ ಸಿಡುಕು. ಮೆಚ್ಚಿದ ಪಾಪನಿವೇದನೆಯ ಗುರುವಿನ ಮುಂದೆ ತಪ್ಪನ್ನು ತೇಲಿಸಿ ಹೇಳುವ ಚಾಳಿ. ಕೆಲವರಿಗೆ ಅಂದವಾದ ಶಿಲುಬೆ, ಜಪಸರ, ಪದಕಗಳನ್ನು ಕೂಡಿಹಾಕುವ ಹುಚ್ಚು. ಒಂದನ್ನು ಬಿಟ್ಟು ಇನ್ನೊಂದು, ಆ ಬಗೆಯದನ್ನು ಬಿಟ್ಟು ಈ ಬಗೆಯದು. ಇದಕ್ಕೆ ಎದುರಾಗಿ ಅವರು ತಾವು ಕಂಡ ಇಬ್ಬರನ್ನು ನೆನೆಯುತ್ತಾರೆ. ಒಬ್ಬರು ಆಶೀರ್ವದಿಸಿದ ಗರಿಯ ಕಡ್ಡಿಗಳನ್ನು ಬಗ್ಗಿಸಿದ ಗುಂಡುಸೂಜಿಯಿಂದ ಬಿಗಿದು ಮಾಡಿದ ಒಡ್ಡೊಡ್ಡಾದ ಶಿಲುಬೆಯನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೊತೆಯಲ್ಲಿಟ್ಟುಕೊಂಡಿದ್ದರು. ಇನ್ನೊಬ್ಬರ ಜಪಸರದ ಮಣಿಗಳು ಮೀನಿನ ಬೆನ್ನೆಲುಬಿನವು.

ಈ ದೋಷಗಳನ್ನು ಮನುಷ್ಯ ಸ್ವಂತ ಪ್ರಯತ್ನದಿಂದ ಪೂರ್ತಿ ತೊಳೆದುಕೊಳ್ಳಲಾರ ಎಂಬುದು ಹುವಾನ್‌ರ ಖಚಿತ ಮಾತು. ತಪ್ಪು ಅಂಟಿಕೊಂಡಿರುವುದು ಕೆಟ್ಟದ್ದಕ್ಕಲ್ಲ, ಒಳ್ಳೆಯದಕ್ಕೆ; ಅದಕ್ಕೇ ಅದು ಕಣ್ಣಿಗೆ ಬೀಳುವುದಿಲ್ಲ. ಪ್ರಾರ್ಥಿಸುವವನು ದೇವರನ್ನು ಪ್ರೀತಿಸುತ್ತಿದ್ದೇನೆ ಎಂದುಕೊಂಡು ದೇವರು ಕೊಡುವ ಸವಿಯನ್ನು ಪ್ರೀತಿಸುತ್ತಿರುತ್ತಾನೆ. ಆದ್ದರಿಂದ ಒಂದು ಹಂತದಲ್ಲಿ ದೇವರು ಆ ಸವಿಯನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ನಿನ್ನೆಯವರೆಗೆ ಉಕ್ಕುತ್ತಿದ್ದ ಒರತೆ ಬತ್ತುತ್ತದೆ. ಬಲಿಪೂಜೆ, ಜಪ, ಧ್ಯಾನ ಎಲ್ಲವೂ ಒಣಗುತ್ತವೆ. ಈ ಬದಲಾವಣೆಗೆ ಹುವಾನ್ ಕೊಟ್ಟ ಹೆಸರು ಇಂದ್ರಿಯಗಳ ರಾತ್ರಿ.

ಎಲ್ಲ ಬರಡುತನವೂ ಈ ರಾತ್ರಿಯಲ್ಲ. ಬರೀ ಸೋಮಾರಿತನವೂ ಇರಬಹುದು, ಕಾಯಿಲೆಯೂ ಇರಬಹುದು. ಬೇರೆ ಮಾಡಿ ನೋಡಲು ಅವರು ಮೂರು ಗುರುತು ಹೇಳಿದ್ದಾರೆ, ಮೂರೂ ಒಟ್ಟಿಗೆ ಇರಬೇಕು. ಆಧ್ಯಾತ್ಮಿಕ ವಿಷಯಗಳಲ್ಲಿ ರುಚಿ ಹೋದಂತೆ ಲೌಕಿಕ ವಿಷಯಗಳಲ್ಲೂ ರುಚಿ ಹೋಗಿರಬೇಕು. ಪ್ರಾರ್ಥನೆ ಬೇಸರವಾಗಿ ಸಂತೆ, ಆಟ, ಹರಟೆ ಹಿತವಾಗುತ್ತಿದ್ದರೆ ಅದು ಉದಾಸೀನವೇ ಹೊರತು ರಾತ್ರಿಯಲ್ಲ. ಇಷ್ಟಾಗಿಯೂ ದೇವರ ಹಂಬಲ ಮನಸ್ಸನ್ನು ಬಿಟ್ಟಿರಬಾರದು. ತಾನು ಹಿಂದೆ ಬೀಳುತ್ತಿದ್ದೇನೆ, ದೇವರಿಗೆ ಸಲ್ಲಬೇಕಾದ್ದು ಸಲ್ಲುತ್ತಿಲ್ಲ ಎಂಬ ನೋವು ಇರಬೇಕು. ಹಂಬಲವೇ ಇಲ್ಲದವನಿಗೆ ಆ ನೋವು ಎಲ್ಲಿಂದ ಬರಬೇಕು? ಕೊನೆಯ ಗುರುತು, ಎಷ್ಟು ಯತ್ನಿಸಿದರೂ ಮೊದಲಿನಂತೆ ಯೋಚಿಸುತ್ತ, ಕಲ್ಪಿಸುತ್ತ ಧ್ಯಾನ ಮಾಡಲು ಆಗದಿರುವುದು.

ಈ ವಿವೇಚನೆಯಲ್ಲಿ ಅವರು ಮನೋವ್ಯಾಧಿಯನ್ನು ಹೆಸರಿಸಿಯೇ ಪ್ರತ್ಯೇಕಿಸಿದ್ದಾರೆ. ಅಂದಿನ ವೈದ್ಯರ ಪರಿಭಾಷೆಯಲ್ಲಿ ಅದು ದೇಹದ ದ್ರವಗಳ ಏರುಪೇರಿನಿಂದ ಬರುವ ವಿಷಾದ. ಇಂದು ಖಿನ್ನತೆ ಎನ್ನುತ್ತೇವೆ. ನಾಲ್ಕೂವರೆ ಶತಮಾನದ ಹಿಂದೆ ಸನ್ಯಾಸಿಯೊಬ್ಬರು ಆತ್ಮದ ಸಂಕಟವನ್ನೂ ದೇಹದ ಕಾಯಿಲೆಯನ್ನೂ ಕಲಸಿಬಿಡದೆ ನೋಡಿದ್ದು ದೊಡ್ಡ ಸಂಗತಿ. ಎರಡೂ ಒಟ್ಟಿಗೆ ಬರಬಹುದೆಂಬುದನ್ನೂ ಅವರು ಬಲ್ಲರು. ನಿದ್ದೆ, ಊಟ, ಬದುಕುವ ಆಸೆ ಕಳೆದುಕೊಂಡವರಿಗೆ ಮೊದಲು ಬೇಕಾದದ್ದು ವೈದ್ಯರ ಚಿಕಿತ್ಸೆ. ಅದನ್ನು ಕತ್ತಲ ರಾತ್ರಿ ಎಂದು ಹೊಗಳಿ ಮನೆಯಲ್ಲಿ ಕೂರಿಸುವುದು ಹುವಾನ್‌ರ ಬೋಧನೆಗೇ ವಿರುದ್ಧ.

ಮೂರು ಗುರುತುಗಳೂ ಕಂಡವರಿಗೆ ಅವರ ಸಲಹೆ ಏನು? ಬಲವಂತವಾಗಿ ಹಳೆಯ ರುಚಿಯನ್ನು ಮರಳಿ ತರಲು ಹೋಗಬಾರದು. ಪ್ರಾರ್ಥನೆಯ ಹೊತ್ತನ್ನು ಬಿಡಬಾರದು. ಏನೂ ಮಾಡುತ್ತಿಲ್ಲವೆಂದು ಅನ್ನಿಸಿದರೂ, ದೇವರ ಎದುರಿಗೆ ಪ್ರೀತಿಯಿಂದ, ಸುಮ್ಮನೆ ಇರಬೇಕು. ಹೆಚ್ಚು ಯೋಚನೆಯ ಪ್ರಾರ್ಥನೆ ಇಲ್ಲಿ ಮುಗಿದು, ಮೌನದ ಪ್ರಾರ್ಥನೆ ಮೊದಲಾಗುತ್ತದೆ. ಒಬ್ಬನ ಬದುಕಿನ ಹೊರಗೆ ಏನೂ ಬದಲಾಗದಿದ್ದರೂ ಇದು ಊರು ಬಿಟ್ಟು ಹೊರಟ ಅಬ್ರಹಾಮನ ಪ್ರಯಾಣದಷ್ಟೇ ದೊಡ್ಡ ಬದಲಾವಣೆ. ಈ ಹಂತದ ಫಲವಾಗಿ ಅವರು ಎತ್ತಿ ಹೇಳುವುದು ದರ್ಶನಗಳನ್ನಲ್ಲ, ತನ್ನ ಯೋಗ್ಯತೆಯ ಅರಿವನ್ನು. ತಾನೇ ಬರಡಾದವನು ನೆರೆಯವನ ಭಕ್ತಿಯನ್ನು ಅಳೆಯಲು ಹೋಗುವುದಿಲ್ಲ.

ಕೆಲವರ ಪಾಲಿಗೆ, ಎಷ್ಟೋ ವರ್ಷಗಳ ನಂತರ, ಇನ್ನೂ ಆಳದ ರಾತ್ರಿಯೊಂದು ಕಾದಿರುತ್ತದೆ. ಇಲ್ಲಿ ರುಚಿಯಷ್ಟೇ ಹೋಗುವುದಿಲ್ಲ, ದೇವರಿದ್ದಾನೆಂಬ ಭರವಸೆಯ ಆಸರೆಯೇ ಕುಸಿದಂತೆ ಆಗುತ್ತದೆ. ಇದನ್ನು ವಿವರಿಸಲು ಹುವಾನ್ ಬೆಂಕಿಗೆ ಹಾಕಿದ ಸೌದೆಯ ಉದಾಹರಣೆ ಕೊಡುತ್ತಾರೆ. ಬೆಂಕಿ ಮೊದಲು ಕೊರಡಿನ ಪಸೆಯನ್ನು ಹೊರದೂಡುತ್ತದೆ. ಕೊರಡು ಬೆವರುತ್ತದೆ, ಹೊಗೆಯಾಡುತ್ತದೆ, ಕಪ್ಪಾಗುತ್ತದೆ, ಕೆಟ್ಟ ವಾಸನೆ ಬರುತ್ತದೆ. ನೋಡುವವರಿಗೆ ಅದು ಮೊದಲಿಗಿಂತ ವಿಕಾರವಾಗಿ ಕಾಣುತ್ತದೆ. ಕೊನೆಗೆ ಕೊರಡೇ ಬೆಂಕಿಯಾಗಿ ಬೆಳಗುತ್ತದೆ. ಕಪ್ಪಾಗಿಸಿದ್ದೂ ಬೆಳಗಿಸಿದ್ದೂ ಒಂದೇ ಬೆಂಕಿ. ಬೆಳೆಯುವವನಿಗೆ ತನ್ನ ಬೆಳವಣಿಗೆ ಗೊತ್ತಾಗುವುದಿಲ್ಲ, ತಾನು ಕೆಡುತ್ತಿದ್ದೇನೆ ಎಂದೇ ಅನ್ನಿಸುತ್ತದೆ. ಈ ಒಳನೋಟವೇ ಹುವಾನ್‌ರ ಗ್ರಂಥದ ಜೀವಾಳ.

ಅದೇ ಶತಮಾನದ ಇನ್ನೊಬ್ಬ ಸ್ಪೇನಿಗರು, ಲೊಯೋಲಾದ ಇಗ್ನಾಸಿಯವರು, ಬೇರೆ ದಾರಿಯಿಂದ ಹತ್ತಿರದ ಮಾತಿಗೇ ಬಂದರು. ಸೈನಿಕರಾಗಿದ್ದ ಅವರ ಕಾಲು 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡಿಗೆ ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ ತಮ್ಮ ಮನಸ್ಸಿನ ಏರಿಳಿತಗಳನ್ನು ಗಮನಿಸುವುದನ್ನು ಕಲಿತರು. ಮುಂದೆ ಅವರು ಬರೆದ ನಿಯಮಗಳಲ್ಲಿ ಒಂದು ಇಂದಿಗೂ ಧ್ಯಾನಕೂಟಗಳಲ್ಲಿ ತಪ್ಪದೆ ಹೇಳಿಕೊಡುವಂಥದ್ದು: ಒಳಗೆ ಕತ್ತಲೆ ಕವಿದಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು.

ಹುವಾನ್ ಮತ್ತು ತೆರೇಸಾರ ಪರಂಪರೆ ಕರ್ನಾಟಕದ ಕರಾವಳಿಗೂ ಬಂತು. 19ನೇ ಶತಮಾನದಲ್ಲಿ ಮಂಗಳೂರಿನ ಕಥೋಲಿಕ ಸಮುದಾಯದ ಹೊಣೆ, 1878ರ ಕೊನೆಯಲ್ಲಿ ಯೇಸುಸಭೆಯವರು ಬರುವವರೆಗೂ, ಬರಿಗಾಲಿನ ಕಾರ್ಮೆಲಿತರ ಕೈಯಲ್ಲಿತ್ತು. 1870ರಲ್ಲಿ ಫ್ರಾನ್ಸಿನ ಪೋ ನಗರದ ಮಠದಿಂದ ಕಾರ್ಮೆಲ್ ಸನ್ಯಾಸಿನಿಯರ ಒಂದು ತಂಡ ಮಂಗಳೂರಿಗೆ ಹೊರಟಿತು. ಭಾರತದ ಮೊದಲ ಏಕಾಂತ ಕಾರ್ಮೆಲ್ ಮಠವನ್ನು ಇಲ್ಲಿ ಕಟ್ಟುವುದು ಅವರ ಉದ್ದೇಶ. ಹಡಗಿನ ಪ್ರಯಾಣ ಎಷ್ಟು ಕಠಿಣವಾಗಿತ್ತೆಂದರೆ ಮಂಗಳೂರು ಮುಟ್ಟುವ ಮುನ್ನವೇ ಮೂವರು ಸನ್ಯಾಸಿನಿಯರು ತೀರಿಕೊಂಡರು. ಅವರ ಜಾಗಕ್ಕೆ ಬೇರೆಯವರನ್ನು ಕಳಿಸಿದ ಮೇಲೆ, ಆ ವರ್ಷದ ಕೊನೆಗೆ ಮಠದ ಬದುಕು ಆರಂಭವಾಯಿತು. ಅದೇ ವರ್ಷ ಬಂದ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಕೈಹಾಕಿದರು. ಸಂತ ಆನ್ನರ ಹೆಸರಿನ ಅವರ ಸಂಸ್ಥೆಗಳು ಊರಿಗೆಲ್ಲ ಪರಿಚಿತ.

ಏಕಾಂತ ಮಠಕ್ಕೆ ಬಂದವರಲ್ಲಿ 24 ವರ್ಷದ ಒಬ್ಬ ಪ್ಯಾಲೆಸ್ತೀನೀ ಹೆಣ್ಣುಮಗಳಿದ್ದರು: ಮರಿಯಂ ಬವಾರ್ದಿ, ಸನ್ಯಾಸದ ಹೆಸರು ಶಿಲುಬೆಗೇರಿದ ಯೇಸುವಿನ ಮರಿಯಮ್ಮ. 1846ರಲ್ಲಿ ಗಲಿಲೇಯ ಸೀಮೆಯ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಮೂರು ತುಂಬುವ ಮೊದಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡವರು. ಚಿಕ್ಕಪ್ಪನ ಮನೆಯಲ್ಲಿ ಬೆಳೆದು, ಒತ್ತಾಯದ ಮದುವೆಗೆ ಒಪ್ಪದೆ ಹೊರಬಿದ್ದರು. ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಮಾರ್ಸೆ ಎಂದು ಊರೂರು ಸುತ್ತಿ ಮನೆಗೆಲಸ ಮಾಡಿದರು. ಓದುಬರಹ ಇಲ್ಲವೆನ್ನುವಷ್ಟು ಕಡಿಮೆ. ಮಠದಲ್ಲೂ ಅವರದು ಅಡುಗೆ, ಬಟ್ಟೆ, ಕಸಮುಸುರೆಯ ಕೆಲಸ ನೋಡುವ ಸಹಾಯಕ ಸನ್ಯಾಸಿನಿಯ ಸ್ಥಾನ.

1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ಮರಿಯಂ ತಮ್ಮ ವ್ರತಗಳನ್ನು ಕೈಗೊಂಡರು. ಅವರಿಗೆ ಭಾವಪರವಶತೆ, ಕೈಕಾಲುಗಳಲ್ಲಿ ಯೇಸುವಿನ ಗಾಯಗಳ ಗುರುತು ಮೂಡುವುದು ಮುಂತಾದ ಅಸಾಮಾನ್ಯ ಅನುಭವಗಳಾಗುತ್ತಿದ್ದವೆಂದು ಜೊತೆಯವರು ದಾಖಲಿಸಿದ್ದಾರೆ. ವ್ರತದ ನಂತರ ಈ ಅನುಭವಗಳ ಬಗ್ಗೆ ಮಠದೊಳಗೆ ಸಂಶಯ ಹುಟ್ಟಿತು. ಇದು ದೇವರಿಂದಲೋ, ಭ್ರಮೆಯೋ, ದೆವ್ವದ ಕೆಲಸವೋ? ಅವರನ್ನು ಬಲ್ಲ ಹಿರಿಯರೇ, ನಂಬಿದ್ದವರೇ ಎದುರಾದರು. 1872ರಲ್ಲಿ ಅವರನ್ನು ಪೋ ಮಠಕ್ಕೆ ವಾಪಸು ಕಳಿಸಲಾಯಿತು. ಪರದೇಶದಲ್ಲಿ, ತನ್ನ ಪರವಾಗಿ ವಾದಿಸಲು ಭಾಷೆಯೂ ವಿದ್ಯೆಯೂ ಸಾಲದ ಹೆಣ್ಣುಮಗಳೊಬ್ಬಳಿಗೆ ಇದು ಎಂಥ ಏಟೆಂದು ಊಹಿಸುವುದು ಕಷ್ಟವಲ್ಲ. ಪೋಗೆ ಮರಳಿದ ಮರಿಯಂ ಮತ್ತೆ ಅದೇ ಮನೆಗೆಲಸಕ್ಕೆ ನಿಂತರು. ತನ್ನನ್ನು ತಾನು ಏನೂ ಅಲ್ಲದ ಪುಟ್ಟವಳು ಎಂದು ಕರೆದುಕೊಳ್ಳುತ್ತಿದ್ದರು. ಮೂರು ವರ್ಷಗಳಲ್ಲಿ, 1875ರಲ್ಲಿ, ಯೇಸು ಹುಟ್ಟಿದ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಲು ಹೊರಟ ತಂಡದಲ್ಲಿ ಅವರಿದ್ದರು. ಅರಬ್ಬಿ ಗೊತ್ತಿದ್ದದ್ದು ಅವರೊಬ್ಬರಿಗೇ ಆದ್ದರಿಂದ ಕಟ್ಟಡದ ಕೆಲಸಗಾರರ ಜೊತೆಗಿನ ಮಾತುಕತೆಯೆಲ್ಲ ಅವರ ಹೊಣೆಯಾಯಿತು. 1878ರ ಆಗಸ್ಟಿನಲ್ಲಿ ಆ ಕೆಲಸಗಾರರಿಗೆ ಕುಡಿಯುವ ನೀರು ಒಯ್ಯುವಾಗ ಬಿದ್ದು ಕೈ ಮುರಿಯಿತು. ಗಾಯ ಕೊಳೆತು, ಕೆಲವೇ ದಿನಗಳಲ್ಲಿ, 32ನೇ ವಯಸ್ಸಿನಲ್ಲಿ ತೀರಿಕೊಂಡರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು.

ಮರಿಯಂ ಬದುಕನ್ನು ಹೇಳುವವರು ಪವಾಡಗಳ ಬಳಿಯೇ ನಿಂತುಬಿಡುವುದುಂಟು. ಹುವಾನ್‌ರ ಮಾನದಂಡದಲ್ಲಿ ತೂಗಿದರೆ ಮುಖ್ಯವಾದದ್ದು ಅದಲ್ಲ. ದರ್ಶನ, ಪರವಶತೆಗಳನ್ನು ಬಯಸಲೇಬಾರದು, ಬಂದರೂ ಅವುಗಳಿಗೆ ಜೋತುಬೀಳಬಾರದು ಎಂದು ಅವರು ತಮ್ಮ ಗ್ರಂಥಗಳಲ್ಲಿ ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಆ ದೃಷ್ಟಿಯಲ್ಲಿ ಮಂಗಳೂರಿನ ಹಿರಿಯರು ಸಂಶಯಪಟ್ಟದ್ದೂ ಪೂರ್ತಿ ತಪ್ಪಲ್ಲ. ಮರಿಯಂ ಬೆಳೆದದ್ದು ಗೊತ್ತಾಗುವುದು, ತಮ್ಮಲ್ಲಿ ನಂಬಿಕೆ ಕಳೆದುಕೊಂಡವರ ನಡುವೆಯೂ ಕಹಿಯಾಗದೆ ಪಾತ್ರೆ ತೊಳೆಯುತ್ತ ಉಳಿದದ್ದರಲ್ಲಿ.

ಅದೇ ಸಭೆಯ ಫ್ರೆಂಚ್ ಸನ್ಯಾಸಿನಿ, ಲಿಸ್ಯೂ ನಗರದ ತೆರೇಸಾ, ಕ್ಷಯರೋಗದಿಂದ ನರಳಿದ ಕೊನೆಯ ಹದಿನೆಂಟು ತಿಂಗಳಲ್ಲಿ, 1896ರ ಈಸ್ಟರ್‌ನಿಂದ 1897ರ ಸೆಪ್ಟೆಂಬರ್‌ವರೆಗೆ, ಸ್ವರ್ಗವೆಂಬುದೇ ಇಲ್ಲವೇನೋ ಎಂಬ ದಟ್ಟ ಅನುಮಾನದಲ್ಲಿ ಬದುಕಿದರು. ಸಾಯುವಾಗ ಅವರಿಗೆ 24. ಅವರ ಹೆಸರನ್ನೇ ತಮ್ಮ ಹೆಸರಾಗಿ ಪಡೆದ ಕೊಲ್ಕತ್ತದ ಮದರ್ ತೆರೇಸಾರ ಕತೆ ಇನ್ನೂ ದೀರ್ಘವಾದದ್ದು. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಬಡವರ ನಡುವೆ ಬದುಕುವ ಕರೆ ಕೇಳಿ, 1948ರಲ್ಲಿ ಲೊರೆಟೊ ಮಠ ಬಿಟ್ಟು ಅವರು ಹೊರಬಂದರು. ಹೊಸ ಕೆಲಸ ಮೊದಲಾಗುತ್ತಿದ್ದಂತೆಯೇ, ಅದಕ್ಕೆ ಮೊದಲು ತುಂಬಿ ತುಳುಕುತ್ತಿದ್ದ ದೇವರ ಸನ್ನಿಧಿಯ ಅನುಭವ ನಿಂತುಹೋಯಿತು. 1958ರಲ್ಲಿ ಕೆಲವು ವಾರ ಬಿಟ್ಟರೆ ಆ ಕತ್ತಲು 1997ರಲ್ಲಿ ಅವರು ಸಾಯುವವರೆಗೂ ಸರಿಯಲಿಲ್ಲ. ಇದು ಗೊತ್ತಿದ್ದದ್ದು ಕೆಲವೇ ಆತ್ಮಮಾರ್ಗದರ್ಶಕರಿಗೆ. ನಾಶ ಮಾಡಿ ಎಂದು ಅವರು ಕೇಳಿಕೊಂಡಿದ್ದ ಪತ್ರಗಳು 2007ರಲ್ಲಿ ಪ್ರಕಟವಾದಾಗ ಜಗತ್ತು ಬೆರಗಾಯಿತು. ಕೆಲವರು ಅವರನ್ನು ನಾಸ್ತಿಕರೆಂದರು, ಕೆಲವರು ಕಪಟಿಯೆಂದರು. ಕತ್ತಲ ರಾತ್ರಿಯ ಪರಂಪರೆ ಗೊತ್ತಿದ್ದವರಿಗೆ ಆ ಪತ್ರಗಳು ಅಷ್ಟು ಅಪರಿಚಿತವಾಗಿ ಕಾಣಲಿಲ್ಲ. 1961ರ ಸುಮಾರಿಗೆ ಅವರ ಅಳಲು ಕೇಳಿದ ಯೇಸುಸಭೆಯ ದೇವಶಾಸ್ತ್ರಜ್ಞ ಜೋಸೆಫ್ ನ್ಯೂನರ್ ಕೊಟ್ಟ ಸಲಹೆಯ ಸಾರ ಇಷ್ಟು: ಇದಕ್ಕೆ ಮನುಷ್ಯರ ಬಳಿ ಮದ್ದಿಲ್ಲ, ದೇವರಿಗಾಗಿ ನೀವು ಇಷ್ಟು ಹಂಬಲಿಸುತ್ತಿರುವುದೇ ಆತ ಮರೆಯಲ್ಲಿ ಜೊತೆಗಿದ್ದಾನೆಂಬುದರ ಗುರುತು, ಈ ಕತ್ತಲು ನೀವು ಮಾಡುವ ಕೆಲಸದ್ದೇ ಇನ್ನೊಂದು ಮುಖ. ಹುವಾನ್ ಹೇಳಿದ ಎರಡನೆಯ ಗುರುತೇ ಇದು. ದಿಕ್ಕಿಲ್ಲದವರ ಒಂಟಿತನವನ್ನು ಹೊರಗಿನಿಂದ ನೋಡುತ್ತಿಲ್ಲ, ಒಳಗಿನಿಂದ ಹಂಚಿಕೊಳ್ಳುತ್ತಿದ್ದೇನೆ ಎಂಬ ತಿಳಿವಳಿಕೆ ಬಂದ ಮೇಲೆ, ಕತ್ತಲು ಹಾಗೇ ಇದ್ದರೂ ಅವರು ಅದರ ಜೊತೆ ಬಾಳಲು ಕಲಿತರು.

ಹುವಾನ್‌ರ ಕೊನೆಯ ವರ್ಷವೂ ನೆಮ್ಮದಿಯದಾಗಿರಲಿಲ್ಲ. 1591ರಲ್ಲಿ ಅವರ ಸ್ವಂತ ಸುಧಾರಿತ ಶಾಖೆಯವರೇ ಅವರಿಂದ ಎಲ್ಲ ಹುದ್ದೆಗಳನ್ನೂ ಕಿತ್ತುಕೊಂಡರು. ಈ ಅನ್ಯಾಯಕ್ಕೆ ಮರುಗಿದ ಸನ್ಯಾಸಿನಿಯೊಬ್ಬರಿಗೆ ಬರೆದ ಪತ್ರದಲ್ಲಿ ಅವರು ಯಾರನ್ನೂ ದೂರುವುದಿಲ್ಲ. ಪ್ರೀತಿ ಕಾಣದ ಜಾಗದಲ್ಲಿ ನಾವೇ ಮೊದಲು ಪ್ರೀತಿ ತೋರಬೇಕೆಂಬ ಅರ್ಥದ ಮಾತು ಅದರಲ್ಲಿದೆ. ಕಾಲಿನ ಸೋಂಕು, ಜ್ವರ ಹಿಡಿದಾಗ ತಮ್ಮನ್ನು ಬಲ್ಲವರಿದ್ದ ಬಾಯೆಸಾ ಮಠದ ಬದಲು, ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಉಬೇದಾ ಮಠಕ್ಕೆ ಹೋದರು. ಅಲ್ಲಿನ ಮುಖ್ಯಸ್ಥರಿಗೆ ಅವರನ್ನು ಕಂಡರಾಗದು. ಔಷಧೋಪಚಾರದ ಖರ್ಚಿಗೂ ಗೊಣಗುತ್ತಿದ್ದವರು ಕೊನೆಗೆ ಹಾಸಿಗೆಯ ಬಳಿ ಬಂದು ಕ್ಷಮೆ ಕೇಳಿದರು. ಹುವಾನ್ ತೀರಿಕೊಂಡದ್ದು ಡಿಸೆಂಬರ್ 14ರಂದು, 49ನೇ ವಯಸ್ಸಿನಲ್ಲಿ. 1726ರಲ್ಲಿ ಸಂತ ಪದವಿ, 1926ರಲ್ಲಿ ಧರ್ಮಸಭೆಯ ಪಂಡಿತರೆಂಬ ಗೌರವ ದೊರೆಯಿತು.

ಇಂದು ಈ ಬೋಧನೆ ಮಠದ ಗೋಡೆ ದಾಟಿದೆ. ಕೆಲಸ ಹೋದವರು, ಮಗುವನ್ನು ಕಳೆದುಕೊಂಡವರು, ಊರು ಬಿಟ್ಟು ಗೊತ್ತಿಲ್ಲದ ನಗರ ಸೇರಿದವರು, ವರ್ಷಗಳ ನಂಬಿಕೆ ಒಂದು ದಿನ ಟೊಳ್ಳೆನಿಸಿದವರು ಗುರುಗಳ ಬಳಿ ಬಂದಾಗ, ಅನುಭವಿ ಮಾರ್ಗದರ್ಶಕರು ಮೊದಲು ಕೇಳುವುದು ಭಕ್ತಿಯ ಬಿಸಿ ಎಷ್ಟಿದೆ ಎಂದಲ್ಲ. ಮನೆಯವರ ಜೊತೆ ಹೇಗಿದ್ದೀರಿ, ನಿಮಗಿಂತ ಕಷ್ಟದಲ್ಲಿರುವವರನ್ನು ಕಂಡಾಗ ಏನನ್ನಿಸುತ್ತದೆ, ಪ್ರಾರ್ಥನೆ ಒಣಗಿದರೂ ಕೂರುತ್ತೀರಾ, ನಿದ್ದೆ ಬರುತ್ತಿದೆಯೇ ಎಂದು ವಿಚಾರಿಸುತ್ತಾರೆ. ಬೆಳವಣಿಗೆಯ ಗುರುತು ಅಲ್ಲಿ ಸಿಗುತ್ತದೆ, ಕಾಯಿಲೆಯ ಗುರುತೂ ಅಲ್ಲೇ ಸಿಗುತ್ತದೆ.

ಈ ಬೋಧನೆಯ ದುರ್ಬಳಕೆಯೂ ಉಂಟು. ಕುಡಿದು ಹೊಡೆಯುವ ಗಂಡನ ಮನೆಯಿಂದ ಓಡಿಬಂದ ಹೆಂಗಸಿಗೆ, ಇದು ದೇವರು ಕೊಟ್ಟ ಶಿಲುಬೆ, ಹೊತ್ತುಕೋ ಎಂದು ಹೇಳಿ ಹಿಂದಕ್ಕೆ ಕಳಿಸುವವರು ಈಗಲೂ ಇದ್ದಾರೆ. ಹುವಾನ್ ಕಿಟಕಿಯಿಂದ ಇಳಿದದ್ದನ್ನು, ಆವಿಲಾದ ತೆರೇಸಾ ದೊರೆಗೆ ದೂರು ಬರೆದದ್ದನ್ನು ಅವರು ಮರೆತಿರುತ್ತಾರೆ. ಮನುಷ್ಯರು ಮಾಡುವ ಅನ್ಯಾಯವನ್ನು ದೇವರ ಶಿಕ್ಷಣವೆಂದು ಹೆಸರಿಸುವುದು ಯೋಬನ ಗೆಳೆಯರು ಮಾಡಿದ ತಪ್ಪಿಗಿಂತ ದೊಡ್ಡದು. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1153ನೇ ವಿಧಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಸಂಗಾತಿಯಿಂದ ತನ್ನ ಅಥವಾ ಮಕ್ಕಳ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಪ್ರತ್ಯೇಕವಾಗಲು ಅದು ನ್ಯಾಯವಾದ ಕಾರಣ, ತಡಮಾಡಿದರೆ ಅಪಾಯವೆನ್ನುವಂತಿದ್ದಾಗ ಬಿಷಪರ ಅಪ್ಪಣೆಗೂ ಕಾಯಬೇಕಿಲ್ಲ.